ಬೇಸ್ ಮಾಯ, ಕಿವಿ ಕೆಂಪು: ತಪ್ಪು ಹೆಡ್‌ಫೋನಿನದಾ, ಇಯರ್ ಪ್ಯಾಡಿನದಾ?

ಎರಡು ವರ್ಷದ ಹಿಂದೆ ನನ್ನ ಹೆಡ್‌ಫೋನಿನ ಇಯರ್ ಪ್ಯಾಡ್‌ಗಳು ಸುಲಿದುಹೋದವು. ಆನ್‌ಲೈನ್‌ನಲ್ಲಿ ದಪ್ಪಗಿನ, ದಿಂಬಿನಂಥ ಜೋಡಿಯೊಂದನ್ನು ತರಿಸಿ ಹಾಕಿದೆ. ಕಿವಿಗೇನೋ ಸುಖವಾಯಿತು. ಆದರೆ ತಬಲಾದ ಡಗ್ಗಾ ಸತ್ತೇಹೋಯಿತು. ಹಾಡುವವರು ಪಕ್ಕದ ಮನೆಯ ಬಚ್ಚಲಲ್ಲಿ ಕೂತಂತೆ ಕೇಳಿಸುತ್ತಿತ್ತು. ಡ್ರೈವರ್, ಅಂದರೆ ಒಳಗೆ ಸದ್ದು ಮಾಡುವ ಪುಟ್ಟ ಸ್ಪೀಕರ್, ಹೋಯಿತು ಅಂದುಕೊಂಡು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯಾತ ಅದನ್ನು ಬಿಚ್ಚಲೇ ಇಲ್ಲ. ನನ್ನ ತಲೆಗೇ ಹಾಕಿಸಿ, ಎರಡೂ ಕಡೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದ. "ಈಗ ಹೇಳಿ ಸಾರ್?" ಡಗ್ಗಾ ವಾಪಸ್ ಬಂದಿತ್ತು. "ಹೆಡ್‌ಫೋನ್ ಸರಿಯಾಗೇ ಇದೆ, ಪ್ಯಾಡ್ ಹಿಡೀತಿಲ್ಲ ಅಷ್ಟೇ" ಅಂದ. ದುಡ್ಡೂ ತಗೊಳ್ಳಲಿಲ್ಲ.

ಆ ಅಂಗೈ ಪರೀಕ್ಷೆಯೇ ಈ ಬರಹದ ಬುಡ. ಹೊಸ ಪ್ಯಾಡ್ ಕೊಳ್ಳುವ ಮೊದಲೂ, ಕೊಂಡ ಮೇಲೆ ಬೇಜಾರಾದಾಗಲೂ ಇದನ್ನೇ ಮೊದಲು ಮಾಡಿ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಒಳ್ಳೆ ಬೆಳಕು, ಒಂದು ಸ್ಕೇಲು, ಹಳೇ ಎಟಿಎಂ ಕಾರ್ಡಿನಂಥ ಪ್ಲಾಸ್ಟಿಕ್ ತುಂಡು, ನಿಮಗೆ ಬಾಯಿಪಾಠ ಬರುವ ಒಂದು ಹಾಡು. ಆ ಹಾಡಿನಲ್ಲಿ ಮೃದಂಗ ಅಥವಾ ತಬಲಾ, ಜೊತೆಗೆ ತಾಳದ ಟಿಣ್ ಟಿಣ್ ಎರಡೂ ಇದ್ದರೆ ಒಳ್ಳೆಯದು. ಮೊದಲನೆಯದು ಬೇಸ್ (ದಪ್ಪ ಸದ್ದು) ಹೇಳುತ್ತದೆ, ಎರಡನೆಯದು ಟ್ರೆಬಲ್ (ಚೂಪು ಸದ್ದು). ಬ್ಲೂಟೂತ್ ಹೆಡ್‌ಫೋನ್ ಆದರೆ ಪ್ಯಾಡ್ ಬಿಚ್ಚುವಾಗ ಆಫ್ ಮಾಡಿ, ಚಾರ್ಜರ್ ತೆಗೆದಿಡಿ. ಪರೀಕ್ಷೆ ಮಾಡುವಾಗ ವಾಲ್ಯೂಮ್ ಕಡಿಮೆ ಇರಲಿ.

ಕಪ್ಪು ಚಕ್ಕೆಗಳು ಕಿವಿಗೆ, ಕೆನ್ನೆಗೆ ಅಂಟುತ್ತಿವೆ

ಎಲ್ಲರಿಗೂ ಮೊದಲು ಕಾಣುವ ಲಕ್ಷಣ ಇದೇ. ನಾವು ರೆಕ್ಸಿನ್ ಅನ್ನುವ ಈ ಹೊದಿಕೆ ಬಹುಪಾಲು ಪಾಲಿಯುರೆಥೇನ್. ಬಟ್ಟೆಯ ಮೇಲೆ ಬಳಿದ ತೆಳು ಪ್ಲಾಸ್ಟಿಕ್ ಪದರ ಅದು. ತೇವ ಮತ್ತು ಸೆಕೆ ಅದನ್ನು ಒಳಗಿಂದಲೇ ಒಡೆಯುತ್ತವೆ. ಬೆವರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಸೇರಿದರೆ ಕೆಲಸ ಇನ್ನೂ ಬೇಗ. ಮಂಗಳೂರು, ಉಡುಪಿ, ಕಾರವಾರದ ಕಡೆ ಇರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಸೋಫಾ ಎಲ್ಲದರದೂ ಇದೇ ಕಥೆ. ಬಳಸದೆ ಡಬ್ಬಿಯಲ್ಲೇ ಇಟ್ಟರೂ ಸುಲಿಯುತ್ತದೆ, ಅದು ವಿಚಿತ್ರವೇನಲ್ಲ. 'ಪ್ರೋಟೀನ್ ಲೆದರ್' ಎಂಬ ಹೆಸರು ಕಂಡು ಮೋಸಹೋಗಬೇಡಿ. ಅದೂ ಇದೇ ಜಾತಿಯ ಕೃತಕ ಚರ್ಮ, ಮುಟ್ಟಲು ಸ್ವಲ್ಪ ನಯ.

ಸುಲಿದ ಪದರಕ್ಕೆ ರಿಪೇರಿ ಇಲ್ಲ. ಫೆವಿಕ್ವಿಕ್ ಹಾಕಿದರೆ ಗಟ್ಟಿಯಾಗಿ ಚರ್ಮ ಗೀರುತ್ತದೆ. ಎಳೆಯುವ ಬಟ್ಟೆಯ ಕವರ್ ಹಾಕಿದರೆ ಚಕ್ಕೆ ಉದುರುವುದು ನಿಲ್ಲುತ್ತದೆ, ಆದರೆ ಧ್ವನಿ ಸ್ವಲ್ಪ ಬದಲಾಗುತ್ತದೆ. ಹೊಸ ಪ್ಯಾಡ್ ಬರುವವರೆಗೆ ನಡೆಯುತ್ತದೆ. ಒಂದು ಎಚ್ಚರ: ಸ್ಪಿರಿಟ್, ಥಿನ್ನರ್, ಉಗುರು ಬಣ್ಣ ತೆಗೆಯುವ ದ್ರಾವಣ ಯಾವುದನ್ನೂ ಉಜ್ಜಬೇಡಿ. ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿ, ಆಮೇಲೆ ಒಣಬಟ್ಟೆಯಿಂದ ಒರೆಸಿದರೆ ಸಾಕು.

ಬೇಸ್ ಕಡಿಮೆಯಾಗಿದೆ, ಧ್ವನಿ ತೆಳುವಾಗಿದೆ

ಇಲ್ಲಿ ಸ್ವಲ್ಪ ಹೊತ್ತು ಕೂರೋಣ. ದೂರುಗಳಲ್ಲಿ ದೊಡ್ಡದು ಇದೇ, ತಪ್ಪಾಗಿ ಅರ್ಥ ಮಾಡಿಕೊಳ್ಳುವುದೂ ಇದನ್ನೇ.

ಹೆಡ್‌ಫೋನಿನ ಡ್ರೈವರ್ ಚಿಕ್ಕದು. ಎಷ್ಟೋ ಹೆಡ್‌ಫೋನ್‌ಗಳಲ್ಲಿ 40 ಮಿಲಿಮೀಟರ್ ಅಷ್ಟೇ. ಅಷ್ಟು ಸಣ್ಣ ತಟ್ಟೆ ಡಗ್ಗಾದ ಗುಮ್ಮನ್ನು ಕೊಡುವುದು ಹೇಗೆ? ಕಪ್, ಪ್ಯಾಡ್, ನಿಮ್ಮ ತಲೆ ಮೂರೂ ಸೇರಿ ಒಂದು ಮುಚ್ಚಿದ ಪುಟ್ಟ ಕೋಣೆ ಆಗುತ್ತವೆ. ಆ ಕೋಣೆಯ ಗಾಳಿಯನ್ನು ಡ್ರೈವರ್ ಒತ್ತುತ್ತದೆ, ಬಿಡುತ್ತದೆ. ಎಲ್ಲಾದರೂ ಸಂದಿ ಇದ್ದರೆ ಒತ್ತಡ ಆಚೆ ಸೋರುತ್ತದೆ, ಬೇಸ್ ಅದರ ಜೊತೆ ಹೋಗುತ್ತದೆ. ತಾಳದ ಟಿಣ್‌ಗೆ ಈ ಒತ್ತಡ ಬೇಕಿಲ್ಲ, ಅದು ಹಾಗೇ ಉಳಿಯುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಸೀಟಿ ಬರುವುದಿಲ್ಲ, ಅಲ್ವಾ? ಆಗ ಯಾರೂ ಕುಕ್ಕರ್ ಎಸೆಯುವುದಿಲ್ಲ.

ಮೊದಲು ಹಾಡು ಹಾಕಿ, ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ತಲೆಗೆ ಒತ್ತಿ. ಬೇಸ್ ತಟ್ಟನೆ ತುಂಬಿಕೊಂಡರೆ ಎಲ್ಲೋ ಗಾಳಿ ಸೋರುತ್ತಿದೆ. ಎಲ್ಲಿ ಅನ್ನುವುದನ್ನು ಖರ್ಚಿಲ್ಲದೆ ಹುಡುಕಬಹುದು. ಕನ್ನಡಕ ತೆಗೆದು ಕೇಳಿ. ಕನ್ನಡಕದ ದಪ್ಪ ಕಡ್ಡಿ ಪ್ಯಾಡಿನ ಕೆಳಗೆ ಸಂದಿ ಮಾಡುತ್ತದೆ. ಕಿವಿಯ ಸುತ್ತಲಿನ ಕೂದಲು ಹಿಂದಕ್ಕೆ ಸರಿಸಿ ಕೇಳಿ. ಜುಮುಕಿ ಅಥವಾ ದೊಡ್ಡ ಓಲೆ ಇದ್ದರೆ ತೆಗೆದು ಕೇಳಿ. ದವಡೆಯ ಹಿಂದೆ, ಕಿವಿಯ ಕೆಳಗೆ ಒಂದು ಗುಳಿ ಇರುತ್ತದಲ್ಲ, ಅಲ್ಲಿಗೆ ಬೆರಳಿಟ್ಟು ನೋಡಿ. ತೆಳು ಪ್ಯಾಡ್ ಆ ಗುಳಿಯನ್ನು ತುಂಬುವುದಿಲ್ಲ, ಸೋರುವ ಜಾಗ ಅನೇಕ ಸಲ ಅದೇ.

ತಲೆಯ ಕಡೆ ಎಲ್ಲ ಸರಿ ಇದ್ದರೆ ಕಪ್‌ನ ಕಡೆ ನೋಡಿ. ಪ್ಯಾಡಿನ ಹಿಂದಿನ ತೆಳು ತುಟಿ ಕಪ್‌ನ ಸಂದಿನಲ್ಲಿ ಸುತ್ತಲೂ ಕೂತಿದೆಯಾ? ಒಂದೇ ಜಾಗದಲ್ಲಿ ಮಡಚಿಕೊಂಡಿದ್ದರೂ ಬೇಸ್ ಹೋಗುತ್ತದೆ. ಹೊಸ ಪ್ಯಾಡ್ ಹಾಕಿದ ಅರ್ಧ ಗಂಟೆಯಲ್ಲೇ "ಮೋಸ ಹೋದೆ" ಎಂದು ಬೈಯುವವರಲ್ಲಿ ಎಷ್ಟೋ ಜನ ಈ ಮಡಿಕೆಯನ್ನು ನೋಡಿರುವುದಿಲ್ಲ. ಸುಲಿದ ಹಳೇ ಪ್ಯಾಡಾದರೆ ಚಕ್ಕೆ ಎದ್ದ ಜಾಗದಲ್ಲಿ ಬರೀ ಬಟ್ಟೆ ಉಳಿದಿರುತ್ತದೆ. ಬಟ್ಟೆಯಲ್ಲಿ ಗಾಳಿ ಹಾಯುತ್ತದೆ.

ಒತ್ತಿದರೂ ಏನೂ ಬದಲಾಗಲಿಲ್ಲವೇ? ಹಾಗಾದರೆ ಪ್ಯಾಡಿನ ಮೇಲೆ ದುಡ್ಡು ಹಾಕಬೇಡಿ. ಫೋನಿನ ಈಕ್ವಲೈಜರ್ (ಬೇಸ್, ಟ್ರೆಬಲ್ ಏರಿಸಿ ಇಳಿಸುವ ಸೆಟ್ಟಿಂಗ್) ನೋಡಿ, ಬೇರೆ ಫೋನಿಗೆ ಸೇರಿಸಿ ನೋಡಿ. ಲ್ಯಾಪ್‌ಟಾಪಿಗೆ ಬ್ಲೂಟೂತ್‌ನಲ್ಲಿ ಸೇರಿಸಿದ್ದರೆ ಇನ್ನೊಂದು ಕಾರಣ ಇರಬಹುದು. ಮೀಟಿಂಗ್ ಆ್ಯಪ್ ಮೈಕ್ ಹಿಡಿದುಕೊಂಡಿದ್ದರೆ ಎಷ್ಟೋ ಹೆಡ್‌ಫೋನ್‌ಗಳು ಕಾಲ್ ಮೋಡಿಗೆ ಇಳಿಯುತ್ತವೆ. ಆಗ ಹಾಡು ಹಳೇ ಲ್ಯಾಂಡ್‌ಲೈನಿನಲ್ಲಿ ಕೇಳಿದಂತಿರುತ್ತದೆ. ಮೀಟಿಂಗ್ ಮುಚ್ಚಿ, ಸರಿಹೋಗುತ್ತದೆ.

ಸೋರಿಕೆಯೇ ಅಂತ ಗೊತ್ತಾದರೆ ಯಾವ ಬಗೆಯ ಪ್ಯಾಡ್ ತಗೋಬೇಕು? ಮುಚ್ಚಿದ ಕಪ್‌ನ ಹೆಡ್‌ಫೋನು ರೆಕ್ಸಿನ್ ಪ್ಯಾಡಿನ ಜೊತೆ ಬಂದಿದ್ದರೆ ಹೊಸದೂ ರೆಕ್ಸಿನ್ ಅಥವಾ ನಿಜವಾದ ಕುರಿ ಚರ್ಮದ್ದೇ ಇರಲಿ. ಒಳಗೋಡೆಗೆ ಸಾಲಾಗಿ ತೂತು ಹೊಡೆದ ಪ್ಯಾಡುಗಳೂ ಇವೆ. ಆ ತೂತುಗಳಿಂದ ಗಾಳಿ ಸ್ಪಂಜಿಗೆ ಹೋಗುತ್ತದೆ, ಬೇಸ್ ಸ್ವಲ್ಪ ತಗ್ಗುತ್ತದೆ. ಬೇಸ್ ಜಾಸ್ತಿ ಅನಿಸುವವರಿಗೆ ಅದು ಒಳ್ಳೆಯದೇ. ವೆಲೂರ್ ಎಂಬ ಮಖಮಲ್ಲಿನಂಥ ಬಟ್ಟೆ ಕಿವಿಗೆ ತಂಪು, ಆದರೆ ರೆಕ್ಸಿನ್ ಜಾಗಕ್ಕೆ ಬಂದರೆ ಸಾಮಾನ್ಯವಾಗಿ ಬೇಸ್ ತಿನ್ನುತ್ತದೆ.

ಹಾಗಂತ ವೆಲೂರ್ ಅಂದರೆ ಬೇಸ್ ಇಲ್ಲ ಅನ್ನುವ ಮಾತು ತಪ್ಪು. ಬೇಯರ್‌ಡೈನಮಿಕ್ ಡಿಟಿ 770 ಪ್ರೊ ಮುಚ್ಚಿದ ಹೆಡ್‌ಫೋನು, ಬರುವುದೇ ಬೂದು ಬಣ್ಣದ ವೆಲೂರ್ ಪ್ಯಾಡಿನ ಜೊತೆ, ಬೇಸ್‌ಗೆ ಅದರಲ್ಲಿ ಬರವಿಲ್ಲ. ಅದನ್ನು ಮಾಡಿದವರು ವೆಲೂರ್ ಲೆಕ್ಕ ಹಾಕಿಯೇ ಶ್ರುತಿ ಮಾಡಿದ್ದಾರೆ. ಅದಕ್ಕೆ ರೆಕ್ಸಿನ್ ಹಾಕಿದರೆ ಆಗ ಧ್ವನಿ ಇನ್ನೊಂದು ದಿಕ್ಕಿಗೆ ಹೋಗುತ್ತದೆ. ಅಂದರೆ ನೋಡಬೇಕಾದ್ದು ವಸ್ತುವಿನ ಹೆಸರಲ್ಲ, ನಿಮ್ಮ ಹೆಡ್‌ಫೋನು ಅಂಗಡಿಯಿಂದ ಬಂದಾಗ ಯಾವ ಪ್ಯಾಡ್ ಇತ್ತು ಎಂಬುದು. ಹಿಂಬದಿ ತೆರೆದ ಹೆಡ್‌ಫೋನುಗಳಿಗೂ ಇದೇ ಲೆಕ್ಕ. ಅವುಗಳ ಬೇಸ್ ಮೊದಲೇ ಮಿತವಾಗಿರುತ್ತದೆ, ಅದನ್ನು ದೋಷ ಅಂದುಕೊಳ್ಳಬೇಡಿ.

ಬೇಸ್ ಸೋರಿದಾಗ ನಾವೆಲ್ಲ ಸುಮ್ನೆ ವಾಲ್ಯೂಮ್ ಏರಿಸುತ್ತೇವೆ. ಅದರಲ್ಲಿ ಅಪಾಯ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಸೋರುವ ಪ್ಯಾಡಿನಲ್ಲಿ ಡಗ್ಗಾ ಹುಡುಕುತ್ತಾ ಹೋದರೆ ತಾಳ, ಪಿಟೀಲು ಕಿವಿಗೆ ಹೊಡೆಯುವಷ್ಟು ಜೋರಾಗಿರುತ್ತವೆ.

ಟ್ರೆಬಲ್ ಚುಚ್ಚುತ್ತಿದೆ, ಅಥವಾ ಧ್ವನಿ ಕೊಡದೊಳಗಿಂದ ಬಂದಂತಿದೆ

ಇಲ್ಲಿ ಸೋರಿಕೆಯ ಜೊತೆ ದೂರವೂ ಲೆಕ್ಕಕ್ಕೆ ಬರುತ್ತದೆ. ಪ್ಯಾಡ್ ದಪ್ಪವಾದರೆ ಕಿವಿ ಡ್ರೈವರಿನಿಂದ ದೂರ ಹೋಗುತ್ತದೆ, ನಡುವಿನ ಕೋಣೆ ದೊಡ್ಡದಾಗುತ್ತದೆ. ಧ್ವನಿ ಅಗಲವಾಗಿ ಹರಡಿದಂತೆ ಅನಿಸಬಹುದು, ಆದರೆ ಹಾಡುವವರು ಹಿಂದೆ ಸರಿಯುತ್ತಾರೆ. ನನಗಾದದ್ದು ಇದೇ, ಜೊತೆಗೆ ಸೋರಿಕೆ ಬೇರೆ. ಪ್ಯಾಡ್ ಚಪ್ಪಟೆಯಾದರೆ ಇದಕ್ಕೆ ಉಲ್ಟಾ.

ಸೆನ್‌ಹೈಸರ್ ಎಚ್‌ಡಿ 600 ಬಂದದ್ದು 1997ರಲ್ಲಿ, ಎಚ್‌ಡಿ 650 ಬಂದದ್ದು 2003ರಲ್ಲಿ. ಇವೆರಡನ್ನೂ ವರ್ಷಗಟ್ಟಲೆ ಬಳಸಿದವರು ಈ ಬದಲಾವಣೆ ಚೆನ್ನಾಗಿ ಬಲ್ಲರು. ವೆಲೂರ್ ಹರಿದಿರುವುದಿಲ್ಲ, ನೋಡಲು ಚೆನ್ನಾಗೇ ಇರುತ್ತದೆ. ಒಳಗಿನ ಸ್ಪಂಜು ಮಾತ್ರ ಹಳೇ ಹಾಸಿಗೆಯಂತೆ ಕೂತುಹೋಗಿರುತ್ತದೆ. ದಿನಕ್ಕೆ ಕೂದಲೆಳೆಯಷ್ಟು ಬದಲಾದ ಕಾರಣ ಕೇಳುವವರಿಗೆ ಗೊತ್ತಾಗುವುದಿಲ್ಲ. ಹೊಸ ಪ್ಯಾಡ್ ಹಾಕಿದ ದಿನ "ಇದೇನು ಬೇರೆ ಹೆಡ್‌ಫೋನಾ" ಅನ್ನುತ್ತಾರೆ.

ಪ್ಯಾಡನ್ನು ಬೆರಳಿಂದ ಒತ್ತಿ ಬಿಡಿ. ಮೆಮೊರಿ ಫೋಮ್ ಆದರೆ ನಿಧಾನಕ್ಕೆ ಏಳುತ್ತದೆ, ಸಾದಾ ಸ್ಪಂಜು ತಟ್ಟನೆ ಏಳುತ್ತದೆ. ಏಳದೆ ಗುಂಡಿ ಹಾಗೇ ಉಳಿದರೆ, ಅಥವಾ ಒಂದು ಬದಿ ಇನ್ನೊಂದಕ್ಕಿಂತ ತೆಳುವಾಗಿದ್ದರೆ, ಅದರ ಆಯಸ್ಸು ಮುಗಿದಿದೆ. 'ಮೆಮೊರಿ ಫೋಮ್' ಅಂತ ಬರೆದು ಸಾದಾ ಸ್ಪಂಜು ಕೊಡುವವರನ್ನು ಹಿಡಿಯಲೂ ಇದೇ ಪರೀಕ್ಷೆ. ಚಳಿಗಾಲದ ಬೆಳಗ್ಗೆ ನಿಜವಾದ ಮೆಮೊರಿ ಫೋಮ್ ಗಟ್ಟಿ ಇರುತ್ತದೆ, ತಲೆಯ ಬಿಸಿ ತಾಗಿದ ಮೇಲೆ ಮೆತ್ತಗಾಗುತ್ತದೆ.

ಡ್ರೈವರಿನ ಮುಂದೆ ಇರುವ ತೆಳು ಜಾಲರಿ ಬಟ್ಟೆ ಅಥವಾ ಸ್ಪಂಜಿನ ಬಿಲ್ಲೆಯನ್ನೂ ಮರೆಯಬೇಡಿ. ಹಳತಾದಾಗ ಅದು ಪುಡಿಯಾಗಿ ಉದುರುತ್ತದೆ. ಅದು ಧೂಳಿಗಷ್ಟೇ ಅಲ್ಲ, ಟ್ರೆಬಲ್ಲನ್ನೂ ಸ್ವಲ್ಪ ಹದ ಮಾಡುತ್ತದೆ. ಅದು ಇಲ್ಲದೆ ಹೊಸ ಪ್ಯಾಡ್ ಹಾಕಿದರೆ ಧ್ವನಿ ಚುಚ್ಚಬಹುದು. ಹೊಸ ಪ್ಯಾಡಿಗೆ ತನ್ನದೇ ಬಟ್ಟೆ ಇದ್ದು, ಹಳೆಯದನ್ನೂ ಒಳಗೇ ಬಿಟ್ಟರೆ ಮಂಕಾಗಬಹುದು.

ಒಂದು ಕಡೆ ಮಾತ್ರ ಕಡಿಮೆ ಕೇಳುತ್ತಿದೆ

ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಳ್ಳಿ. ಎಡಗಪ್ ಬಲಗಿವಿಗೆ, ಬಲಗಪ್ ಎಡಗಿವಿಗೆ. ಕಡಿಮೆಯಾಗಿರುವುದು ಈಗಲೂ ಅದೇ ಕಿವಿಯಲ್ಲೇ? ಹಾಗಾದರೆ ಹೆಡ್‌ಫೋನಿನ ತಪ್ಪಿಲ್ಲ. ಬಹುಶಃ ಕಿವಿಯಲ್ಲಿ ಗುಗ್ಗೆ ಕಟ್ಟಿದೆ. ಬಡ್ಸು, ಪಿನ್ನು, ಬೆಂಕಿಕಡ್ಡಿ ಹಾಕಿ ಕೆದಕಬೇಡಿ, ಅದು ಒಳಕ್ಕೆ ತಳ್ಳುತ್ತದೆ. ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಂತಾದರೆ "ನಾಳೆ ನೋಡೋಣ" ಬೇಡ. ಆ ದಿನವೇ ಹೋಗಿ.

ಕೊರತೆ ಇನ್ನೊಂದು ಕಿವಿಗೆ ಹೋಯಿತೇ? ಆಗ ಕಪ್‌ನಲ್ಲೇ ಏನೋ ಇದೆ. ಎರಡೂ ಪ್ಯಾಡುಗಳನ್ನು ಅದಲುಬದಲು ಮಾಡಿ. ಕೊರತೆ ಪ್ಯಾಡಿನ ಹಿಂದೆ ಹೋದರೆ ಪ್ಯಾಡ್ ಕೆಟ್ಟಿದೆ. ಕಪ್‌ನಲ್ಲೇ ಉಳಿದರೆ ವೈರು, ಜ್ಯಾಕು ಅಥವಾ ಡ್ರೈವರು. ವೈರನ್ನು ಜ್ಯಾಕಿನ ಹತ್ತಿರ ಅಲುಗಾಡಿಸಿದಾಗ ಸದ್ದು ಬಂದು ಹೋಗಿ ಮಾಡಿದರೆ ಬೆಸುಗೆಯ ಕೆಲಸ. ಕೈ ಪಳಗಿಲ್ಲದಿದ್ದರೆ ಅಂಗಡಿಗೆ ಕೊಡಿ. ಗಮನಿಸಿ, ಕೆಲವು ಪ್ಯಾಡುಗಳು ಹಿಂದೆ ದಪ್ಪ, ಮುಂದೆ ತೆಳು ಇರುತ್ತವೆ. ದಪ್ಪ ಭಾಗ ಕಿವಿಯ ಹಿಂಬದಿಗೆ ಬರಬೇಕು. ಅಂಥವನ್ನು ಪರೀಕ್ಷೆಗೆ ಮಾತ್ರ ಅದಲುಬದಲು ಮಾಡಿ, ಮತ್ತೆ ಸರಿಯಾಗಿ ಹಾಕಿ.

ಕಿರ್ ಕಿರ್, ಪಟ್ ಪಟ್ ಸದ್ದು

ಬೇಸ್ ಬಂದಾಗ ಮಾತ್ರ ಕಿರಗುಟ್ಟಿದರೆ ಒಂದು ಕೂದಲು ಡ್ರೈವರಿನ ಮೇಲೆ ಬಿದ್ದಿರಬಹುದು. ನಗಬೇಡಿ, ಒಂದೇ ಕೂದಲು ಸಾಕು. ಪ್ಯಾಡ್ ತೆಗೆದು, ಕಪ್ ತಲೆಕೆಳಗೆ ಹಿಡಿದು, ಹಿಂದಿನಿಂದ ಮೆಲ್ಲಗೆ ತಟ್ಟಿ. ಮೆತ್ತನೆ ಬ್ರಷ್‌ನಿಂದ ಜಾಲರಿಯನ್ನಷ್ಟೇ ಸವರಿ. ಬಾಯಿಂದ ಜೋರಾಗಿ ಊದುವುದು, ವ್ಯಾಕ್ಯೂಮ್ ಹಿಡಿಯುವುದು ಬೇಡ, ಡ್ರೈವರಿನ ಪೊರೆ ತುಂಬ ತೆಳು. ಕಬ್ಬಿಣದ ಚಿಮಟ, ಸ್ಕ್ರೂಡ್ರೈವರ್ ಹತ್ತಿರ ತರಬೇಡಿ. ಒಳಗೆ ಅಯಸ್ಕಾಂತ ಇದೆ, ತುದಿಯನ್ನು ಎಳೆದುಕೊಂಡು ಪೊರೆ ತೂತಾಗುತ್ತದೆ.

ಹೊಸ ಪ್ಯಾಡ್ ಹಾಕಿದ ಮೇಲೆ ತಲೆಗೆ ಹಾಕುವಾಗ, ತೆಗೆಯುವಾಗ ಮಾತ್ರ 'ಚಟ್' ಅಂದರೆ ಅದು ಬೇರೆ. ಹಳೇ ಪ್ಯಾಡ್ ಸೋರುತ್ತಿತ್ತು, ಹೊಸದು ಗಟ್ಟಿಯಾಗಿ ಹಿಡಿದಿದೆ. ಒತ್ತಡಕ್ಕೆ ಪೊರೆ ಬಾಗುವ ಸದ್ದು ಅದು. ನಿಧಾನಕ್ಕೆ, ಒಂದು ಬದಿ ಎತ್ತಿ ಹಾಕಿಕೊಳ್ಳಿ. ಹಾಡಿನ ಮಧ್ಯೆಯೂ ಕೇಳಿಸಿದರೆ ಅಂಗಡಿಗೆ ತೋರಿಸಿ.

ನೋವು, ಸೆಕೆ, ತುರಿಕೆ

ಎಲ್ಲಿ ನೋಯುತ್ತದೆ ಅನ್ನುವುದೇ ಉತ್ತರ. ಕಿವಿಯ ನಡುಭಾಗ ಒಳಗಿನ ಪ್ಲಾಸ್ಟಿಕ್ಕಿಗೆ ತಾಗಿ ನೋಯುತ್ತಿದ್ದರೆ ಪ್ಯಾಡಿನ ಆಳ ಸಾಲದು. ಕಿವಿಯ ಅಂಚು ಮಡಚಿ ನೋಯುತ್ತಿದ್ದರೆ ತೆರವು ಚಿಕ್ಕದು. ಕನ್ನಡಿ ಮುಂದೆ ನಿಂತು ಸ್ಕೇಲಿನಿಂದ ನಿಮ್ಮ ಕಿವಿಯ ಎತ್ತರ, ಅಗಲ, ತಲೆಯಿಂದ ಹೊರಚಾಚಿದ ಉದ್ದ ಅಳೆಯಿರಿ. ಪ್ಯಾಡಿನ ಒಳ ಅಳತೆ ಇವಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು. ಮಾರುವವರು ಹೊರ ಅಳತೆಯನ್ನೇ ದೊಡ್ಡದಾಗಿ ಬರೆದಿರುತ್ತಾರೆ, ಒಳ ಅಳತೆ ಕೇಳಿ ತಿಳಿಯಿರಿ.

ಕಣತಲೆ ಅಥವಾ ದವಡೆ ನೋಯುತ್ತಿದ್ದರೆ ಹೆಡ್‌ಬ್ಯಾಂಡಿನ ಬಿಗಿತ. ಇಲ್ಲಿ ಜನ ದಪ್ಪ ಪ್ಯಾಡ್ ಹುಡುಕುತ್ತಾರೆ. ದಪ್ಪ ಪ್ಯಾಡ್ ಬ್ಯಾಂಡನ್ನು ಇನ್ನೂ ಅಗಲಿಸುತ್ತದೆ, ಬಿಗಿತ ಏರುತ್ತದೆ. ಮೆತ್ತನೆ ಪ್ಯಾಡ್ ಬೇಕು, ದಪ್ಪದ್ದಲ್ಲ. ತಲೆಯಷ್ಟೇ ಅಗಲದ ಪುಸ್ತಕಗಳ ಕಟ್ಟಿಗೆ ರಾತ್ರಿಯಿಡೀ ಹಾಕಿಟ್ಟು ಬೆಳಗ್ಗೆ ನೋಡಿ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಬಗ್ಗಿಸುವ ಸಾಹಸ ಬೇಡ, ಪ್ಲಾಸ್ಟಿಕ್ ಬಿರುಕು ಬಿಡುತ್ತದೆ.

ಸೆಕೆಗೆ ಬಟ್ಟೆ ಅಥವಾ ವೆಲೂರ್ ಒಳ್ಳೆಯದು, ಆದರೆ ಬೆವರು ಹೀರಿ ವಾಸನೆ ಬರುತ್ತದೆ. ಹೊರಗೆ ಚರ್ಮ, ಕೆನ್ನೆಗೆ ತಾಗುವ ಕಡೆ ಬಟ್ಟೆ ಇರುವ ಮಿಶ್ರ ಪ್ಯಾಡ್ ನನಗೆ ಹಿಡಿಸಿದೆ. ಎಣ್ಣೆ ಹಚ್ಚಿದ ದಿನ ಹೆಡ್‌ಫೋನ್ ಹಾಕಬೇಡಿ ಅನ್ನುವುದು ನಮ್ಮ ಮನೆಯಲ್ಲಿ ಯಾರೂ ಪಾಲಿಸದ ಸಲಹೆ. ಕೊನೇಪಕ್ಷ ಕೂದಲಿಗೆ ಟವೆಲ್ ಸುತ್ತಿಕೊಳ್ಳಿ.

ಪ್ಯಾಡ್ ತಾಗಿದ ಜಾಗದಲ್ಲೇ ಉಂಗುರದಂತೆ ಕೆಂಪಾಗಿ ತುರಿಸಿದರೆ ಚರ್ಮಕ್ಕೆ ಆ ವಸ್ತು ಆಗುತ್ತಿಲ್ಲ. ಬಳಸುವುದನ್ನು ನಿಲ್ಲಿಸಿ. ಕಿವಿಯ ತೂತಿನೊಳಗೆ ತುರಿಕೆ, ನೀರು ಸೋರುವುದು, ವಾಸನೆ ಇದ್ದರೆ ಸೋಂಕು ಇರಬಹುದು. ನಮ್ಮ ಕಡೆಯ ಮಳೆಗಾಲದಲ್ಲಿ ಕಿವಿಯ ಫಂಗಸ್ ಅಪರೂಪವಲ್ಲ. ಅದಕ್ಕೆ ಪ್ಯಾಡ್ ಬದಲಿಸಿ ಪ್ರಯೋಜನವಿಲ್ಲ, ಡಾಕ್ಟರ್ ನೋಡಲಿ. ಮನೆಯಲ್ಲಿ ಬೆಳ್ಳುಳ್ಳಿ ಎಣ್ಣೆ ಬಿಡಲು ಹೇಳಿದರೆ ನಯವಾಗಿ ತಪ್ಪಿಸಿಕೊಳ್ಳಿ.

ನಾಯ್ಸ್ ಕ್ಯಾನ್ಸಲಿಂಗ್ ಕೆಟ್ಟಂತಿದೆ, ಹಾಡು ತಾನೇ ನಿಲ್ಲುತ್ತದೆ

ಗದ್ದಲ ಕಡಿಮೆ ಮಾಡುವ ಎಷ್ಟೋ ಹೆಡ್‌ಫೋನುಗಳಲ್ಲಿ ಕಪ್‌ನ ಒಳಗೂ ಮೈಕ್ ಇರುತ್ತದೆ. ಒಳಗಿನ ಕೋಣೆಯ ಲೆಕ್ಕ ತಪ್ಪಿದರೆ ಅದರ ಲೆಕ್ಕವೂ ತಪ್ಪುತ್ತದೆ. ಬಸ್ಸಿನ ಗುಂಯ್ ಮತ್ತೆ ಕೇಳುತ್ತದೆ, ಕೆಲವು ಸಲ ಕಪ್ ಮುಟ್ಟಿದರೆ ಊಳಿಡುತ್ತದೆ. ಇಂಥ ಹೆಡ್‌ಫೋನಿಗೆ ಮಾತ್ರ ನಾನು ಅಗ್ಗದ ಪ್ಯಾಡ್ ಶಿಫಾರಸು ಮಾಡುವುದಿಲ್ಲ. ಕಂಪನಿಯದ್ದೇ ಸಿಕ್ಕರೆ ಕೊಳ್ಳಿ.

2020ರ ಸೋನಿ ಡಬ್ಲ್ಯೂಎಚ್-1000ಎಕ್ಸ್ಎಂ4ರಲ್ಲಿ ತಲೆಯಿಂದ ತೆಗೆದರೆ ಹಾಡು ನಿಲ್ಲಿಸುವ ಸೆನ್ಸರ್ ಎಡಗಪ್‌ನೊಳಗೆ ಇದೆ. ಪ್ಯಾಡಿನ ಬಟ್ಟೆ ಅದನ್ನು ಮುಚ್ಚಿದರೆ ತಲೆಯ ಮೇಲೆ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಪ್ಯಾಡ್ ಕೊಳ್ಳುವಾಗ ಎಡ ಬಲ ಬೇರೆ ಬೇರೆ ಇದೆಯೇ, ನಿಮ್ಮ ಮಾಡೆಲ್ ಸಂಖ್ಯೆಯೇ ಬರೆದಿದೆಯೇ ನೋಡಿ. 'ಎಲ್ಲಕ್ಕೂ ಆಗುತ್ತೆ' ಅನ್ನುವುದನ್ನು ನಂಬಬೇಡಿ.

ಕಪ್ ಉಬ್ಬಿದಂತೆ ಕಂಡರೆ, ಬಿಸಿಯಾಗುತ್ತಿದ್ದರೆ, ಸಿಹಿಯಾದ ಕೆಮಿಕಲ್ ವಾಸನೆ ಬಂದರೆ ಪ್ಯಾಡಿನ ವಿಷಯ ಬಿಡಿ. ಅದು ಬ್ಯಾಟರಿ. ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಸರ್ವಿಸ್ ಸೆಂಟರ್‌ಗೆ ಕೊಡಿ.

ಹೊಸ ಪ್ಯಾಡ್ ಕೂರುತ್ತಲೇ ಇಲ್ಲ

ಹಿಂಬದಿ ನೋಡಿ. ತುಟಿ ಎಳೆದು ಸುತ್ತ ಸಿಕ್ಕಿಸುವ ಬಗೆ ಆಡಿಯೊ-ಟೆಕ್ನಿಕಾ ಎಟಿಎಚ್-ಎಂ50ಎಕ್ಸ್‌ನಂಥವುಗಳದ್ದು. ಒಂದು ಬದಿ ಸಿಕ್ಕಿಸಿ, ಹೆಬ್ಬೆರಳಿಂದ ಎಳೆಯುತ್ತಾ ಸುತ್ತು ಬನ್ನಿ. ದಿಂಬಿಗೆ ಬಿಗಿ ಕವರ್ ಹಾಕಿದ ಹಾಗೆ. ಕೊನೇ ಎರಡು ಇಂಚು ಹಟ ಮಾಡುತ್ತದೆ, ಆಗ ಪ್ಲಾಸ್ಟಿಕ್ ಕಾರ್ಡಿನಿಂದ ತುಟಿಯನ್ನು ಒಳಕ್ಕೆ ತಳ್ಳಿ. ಎಚ್‌ಡಿ 600ರಂಥವಕ್ಕೆ ಪ್ಲಾಸ್ಟಿಕ್ ಚೌಕಟ್ಟು, ಸುತ್ತಲೂ ಒತ್ತಿದರೆ ಕ್ಲಿಕ್ ಅನ್ನುತ್ತದೆ. ಕಾಸ್ ಪೋರ್ಟಾ ಪ್ರೊ 1984ರಿಂದ ಬಳಸುವುದು ಬರೀ ಸ್ಪಂಜಿನ ಟೋಪಿ, ಅದರಷ್ಟು ಸುಲಭ ಇನ್ನೊಂದಿಲ್ಲ. ಇನ್ನು ಕೆಲವಕ್ಕೆ ಅಂಟು ಹಾಕಿರುತ್ತಾರೆ. ಎಳೆದಾಗ ಕಪ್‌ನ ಪ್ಲಾಸ್ಟಿಕ್ಕೇ ಬಾಗುತ್ತಿದ್ದರೆ ನಿಲ್ಲಿಸಿ, ರಿಪೇರಿಯವರಿಗೆ ಕೊಡಿ.

ಕ್ಲಿಪ್ ಬಗೆಯದಾದರೆ ಹಳೇ ಪ್ಯಾಡಿನ ಫೋಟೊ, ಹಿಂಬದಿಯದ್ದೇ ಫೋಟೊ, ತೆಗೆದಿಟ್ಟು ಹೋಲಿಸಿ ಕೊಳ್ಳಿ. ಬೆಂಗಳೂರಿನ ಎಸ್‌ಪಿ ರೋಡಿನಂಥ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಕಡೆ ಹೋಗುವುದಾದರೆ ಹೆಡ್‌ಫೋನನ್ನೇ ಒಯ್ದು, ಅಲ್ಲೇ ಹಾಕಿ, ಅಂಗೈ ಪರೀಕ್ಷೆ ಮಾಡಿ. ಒತ್ತಿದಾಗಲೂ ಒತ್ತದಾಗಲೂ ಡಗ್ಗಾ ಒಂದೇ ತರ ಕೇಳಿದರೆ ಪ್ಯಾಡ್ ಹಿಡಿದಿದೆ ಅಂತ ಅರ್ಥ. ಹಳೇ ಜೋಡಿಯನ್ನು ಆ ದಿನವೇ ಎಸೆಯಬೇಡಿ. ಮೆಮೊರಿ ಫೋಮ್ ತಲೆಗೆ ಹೊಂದಿಕೊಳ್ಳಲು ಕೆಲವು ದಿನ ಬೇಕು. ಒಂದು ವಾರ ಕವರಿನಲ್ಲಿಟ್ಟು, ಅನುಮಾನ ಬಂದಾಗ ಮತ್ತೆ ಹಾಕಿ ಅದೇ ಹಾಡು ಕೇಳಿ. ನಾನು ತರಿಸಿದ ಆ ದಿಂಬುಗಳು ಈಗ ತಮ್ಮನ ಗೇಮಿಂಗ್ ಹೆಡ್‌ಸೆಟ್‌ನಲ್ಲಿವೆ, ಅವನಿಗೆ ಬೇಸ್ ಬೇಕಾಗಿಲ್ಲವಂತೆ.